ರಖಮಾಕಾಕುವಿಗೆ ಸಿಕ್ಕ ಕಾರಣ

ಧಾರಾವಾಹಿ ಶುರುವಾದ ನಾಲ್ಕನೆಯ ದಿನ ಮೊದಲು ಗುರುತು ಹಿಡಿದವಳು ನೆರೆಮನೆಯ ತಾಜಬಿ. ಟಿವಿಯಲ್ಲಿ ಮಲತಾಯಿ ರಖಮಾಕಾಕು ತನ್ನ ಮಲಮಗಳನ್ನು ಎದುರಿಗೆ ನಿಲ್ಲಿಸಿಕೊಂಡಿದ್ದಳು. ಬಾಯಿ ತೆರೆಯುವ ಮೊದಲು ಸೆರಗಿನ ಅಂಚಿನ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಆಡಿಸುತ್ತಿದ್ದಳು.

"ಸೋನಾಬಾಯಿ, ಅಕಿ ಕೈ ನೋಡ. ಥೇಟ ನಿನ್ನಂಗ ಮಾಡಾಕತ್ತಾಳ," ಎಂದು ತಾಜಬಿ ನಕ್ಕಳು.

ಸೋನಾಬಾಯಿಯೂ ನಕ್ಕಳು. ಮನೆಯಲ್ಲಿ ಬೆಳೆದ ಹುಡುಗಿ ಮನೆಯದ್ದನ್ನೇ ಕಲಿಯುತ್ತಾಳೆ ಎಂದಳು. ಆಮೇಲೆ ತನ್ನ ಹೆಬ್ಬೆರಳೂ ಸೆರಗಿನ ಅಂಚಿನ ಮೇಲೇ ಇರುವುದನ್ನು ಕಂಡು ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು.

ರಖಮಾಕಾಕುವಿನ ಪಾತ್ರ ಮಾಡುತ್ತಿದ್ದವಳು ಸ್ನೇಹಲ. ಸೋನಾಬಾಯಿಯ ಗಂಡ ಭಾವುಸಾಹೇಬನ ಮೊದಲ ಹೆಂಡತಿಯ ಮಗಳು. ತಾಯಿ ಕಾಮಾಲೆಯಿಂದ ತೀರಿಕೊಂಡಾಗ ಅವಳಿಗೆ ಐದು ವರ್ಷ. ಅದೇ ವರ್ಷ ಸೋನಾಬಾಯಿ ಬೋರಗಾಂವದಿಂದ ಅಕ್ಕೋಳಕ್ಕೆ ಸೊಸೆಯಾಗಿ ಬಂದಳು; ಅವಳಿಗಾಗ ಇಪ್ಪತ್ತೊಂದು. ಭಾವುಸಾಹೇಬ ನಿಪ್ಪಾಣಿ ಡಿಪೋದಲ್ಲಿ ಬಸ್ಸಿನ ಡ್ರೈವರನಾಗಿದ್ದ. ಮನೆಯಲ್ಲಿದ್ದ ದಿನಕ್ಕಿಂತ ರೂಟಿನ ಮೇಲಿದ್ದ ದಿನವೇ ಹೆಚ್ಚು. ಮೂರು ವರ್ಷದ ಮೇಲೆ ಲಖನ ಹುಟ್ಟಿದ. ಹತ್ತನೆಯ ತರಗತಿ ಮುಗಿದದ್ದೇ ಸ್ನೇಹಲ ಕೊಲ್ಲಾಪುರದ ಸೋದರಮಾವನ ಮನೆ ಸೇರಿದಳು. ಅಲ್ಲೇ ಕಾಲೇಜು, ಅಲ್ಲೇ ನಾಟಕ, ಈಗ ಅಲ್ಲೇ ಶೂಟಿಂಗ್ ನಡೆಯುವ ಈ ಮರಾಠಿ ಧಾರಾವಾಹಿ. ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಬಸ್ಸಿನಲ್ಲಿ ಒಂದು ತಾಸು. ಆದರೂ ಹದಿನೈದು ವರ್ಷಗಳಲ್ಲಿ ಅವಳು ಊರಿಗೆ ಬಂದದ್ದು ಐದಾರು ಸಲ. ಅದೂ ಲಖನನ ಮದುವೆ, ಅಪ್ಪನ ನಿವೃತ್ತಿಯಂಥ ತಪ್ಪಿಸಿಕೊಳ್ಳಲಾಗದ ದಿನಗಳಲ್ಲಿ.

ಊರಿಗೆ ಇದು ಹೆಮ್ಮೆಯ ಸಂಗತಿ. ಸಂಜೆ ಏಳೂವರೆಯಾದರೆ ಓಣಿಯ ಎಲ್ಲ ಮನೆಗಳಲ್ಲೂ ಅದೇ ದನಿ. ರಖಮಾಕಾಕುವಿಗೆ ಶಾಪ ಹಾಕುವುದು ಎಲ್ಲರಿಗೂ ಹಬ್ಬ; ನಿಪ್ಪಾಣಿ ಸಂತೆಗೆ ಹೋಗುವ ಬಸ್ಸಿನಲ್ಲಿ ಹೆಂಗಸರು ಅವಳಿಗೆ ಹುಳ ಬೀಳಲಿ ಎಂದು ಬೈದು, ಪಕ್ಕದಲ್ಲಿ ಕೂತ ಸೋನಾಬಾಯಿಗೆ ನಿನ್ನ ಮಗಳು ಏನು ಛಂದ ಮಾಡುತ್ತಾಳೆ ಎನ್ನುತ್ತಿದ್ದರು.

ಸೋನಾಬಾಯಿ ಮಾತ್ರ ಒಂದೊಂದನ್ನೇ ಗುರುತಿಸುತ್ತ ಹೋದಳು. ಮಗುವನ್ನು ಹೆಸರು ಹಿಡಿದು ಕರೆಯದೆ 'ಆ ಪೋರಿ' ಎನ್ನುವುದು ತನ್ನದು. ರೊಟ್ಟಿಯನ್ನು ಕೈಗೆ ಕೊಡದೆ ಮೊಳದೆತ್ತರದಿಂದ ತಾಟಿಗೆ ಬೀಳಿಸುವುದು ತನ್ನದು, ಆ ಸಪ್ಪಳ ಸಮೇತ. ಬಂದವರೆದುರು ಪ್ರೀತಿಯಿಂದ ತಲೆ ಸವರುತ್ತ, ಯಾರಿಗೂ ಕಾಣದಂತೆ ಉಗುರಿನಿಂದ ನೆತ್ತಿಯನ್ನು ಒತ್ತುವುದು ತನ್ನದು. ಅಡುಗೆಮನೆಯ ಮೂಲೆಯಲ್ಲಿ ತಲೆ ಬಗ್ಗಿಸಿ ಉಣ್ಣುತ್ತಿದ್ದ ಹುಡುಗಿ ಏನನ್ನೂ ನೋಡುತ್ತಿಲ್ಲ ಎಂದು ಅವಳು ತಿಳಿದಿದ್ದಳು. ಹುಡುಗಿ ಎಲ್ಲವನ್ನೂ ನೋಡಿದ್ದಳು.

ಲಖನನ ಹೆಂಡತಿ ನೀಲಮ ಅಂಗನವಾಡಿ ಟೀಚರು, ಮಾತು ಕಡಿಮೆ. ಒಂದು ದಿನ ಊಟಕ್ಕೆ ಕೂತಾಗ ಸೋನಾಬಾಯಿಯ ಕೈಯಿಂದ ರೊಟ್ಟಿ ಅವಳ ತಾಟಿಗೆ ಸಪ್ಪಳ ಮಾಡಿ ಬಿತ್ತು. ನೀಲಮ ತಲೆ ಎತ್ತಿ ಅತ್ತೆಯ ಮುಖ ನೋಡಿದಳು. ಅಂದಿನಿಂದ ಸೋನಾಬಾಯಿ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಾಟಿನಲ್ಲಿ ಇಡತೊಡಗಿದಳು.

ಆದರೆ ಅವಳು ಸಂಜೆ ಸಂಜೆ ಹೆದರಿ ಕಾಯುತ್ತಿದ್ದದ್ದು ಇವುಗಳಿಗಲ್ಲ. ಬೇರೆಯದೊಂದಿತ್ತು. ಅದು ತನಗೂ ಸ್ನೇಹಲಳಿಗೂ ಮಾತ್ರ ಗೊತ್ತು ಎಂದು ಅವಳ ನಂಬಿಕೆ.

ಹತ್ತೊಂಬತ್ತು ವರ್ಷಗಳ ಹಿಂದೆ, ಸ್ನೇಹಲ ಏಳನೆಯ ತರಗತಿಯಲ್ಲಿದ್ದಾಗ, ನಿಪ್ಪಾಣಿಯಲ್ಲಿ ಶಾಲೆಗಳ ನಾಟಕ ಸ್ಪರ್ಧೆ ಇತ್ತು. ಅವಳದು ರಾಣಿಯ ಪಾತ್ರ. ಮುಂಜಾನೆ ಅವಳು ತೀರಿಕೊಂಡ ತಾಯಿಯ ಹಸಿರು ಇಳಕಲ್ಲ ಸೀರೆಯನ್ನು ಟ್ರಂಕಿನಿಂದ ತೆಗೆದು, ತಾನೇ ಹೇಗೋ ಉಟ್ಟುಕೊಂಡು ಪಡಸಾಲೆಗೆ ಬಂದಳು. ಹನ್ನೆರಡು ವರ್ಷದ ಹುಡುಗಿ ಆ ಸೀರೆಯಲ್ಲಿ ಗೋಡೆಯ ಮೇಲಿನ ತಾಯಿಯ ಫೋಟೋದಿಂದ ಇಳಿದು ಬಂದಂತೆ ಕಂಡಳು. ಡ್ಯೂಟಿಗೆ ಹೊರಟಿದ್ದ ಭಾವುಸಾಹೇಬ ಹೊಸ್ತಿಲಲ್ಲಿ ನಿಂತುಬಿಟ್ಟ. ನೋಡುತ್ತ ನಿಂತ, ಅಷ್ಟೇ. ಏಳು ವರ್ಷದ ಸಂಸಾರದಲ್ಲಿ ಅವನು ತನ್ನನ್ನು ಒಮ್ಮೆಯೂ ಹಾಗೆ ನೋಡಿರಲಿಲ್ಲ ಎಂಬುದು ಸೋನಾಬಾಯಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ತಿಳಿಯಿತು.

ಅವನು ಹೋದ ಮೇಲೆ, ಹಿತ್ತಲ ಕೋಣೆಯಿಂದ ಬುಟ್ಟಿ ತಗೊಂಡು ಬಾ ಎಂದು ಹುಡುಗಿಯನ್ನು ಕಳಿಸಿದಳು. ಆ ಕೋಣೆಯಲ್ಲಿ ಆಗ ತಂಬಾಕಿನ ಚೀಲಗಳನ್ನು ಮಾಡಿನವರೆಗೆ ಒಟ್ಟಿದ್ದರು. ಹುಡುಗಿ ಒಳಗೆ ಹೋದದ್ದೇ ಹೊರಗಿನಿಂದ ಚಿಲಕ ಹಾಕಿದಳು. ಕರೆಯಲು ಬಂದ ಮಾಸ್ತರರಿಗೆ ಅವಳು ಮಾಮಾನ ಊರಿಗೆ ಹೋಗಿದ್ದಾಳೆ ಎಂದಳು. ಮೊದಲು ಬಾಗಿಲು ಬಡಿಯುವ ಸದ್ದು ಕೇಳಿತು, ಆಮೇಲೆ ಕೆಮ್ಮು, ಆಮೇಲೆ ಏನೂ ಇಲ್ಲ. ಮಧ್ಯಾಹ್ನ ಮೂರಕ್ಕೆ ಬಾಗಿಲು ತೆರೆದಾಗ ಹುಡುಗಿ ಆ ಸೀರೆಯ ಮೇಲೆಲ್ಲ ವಾಂತಿ ಮಾಡಿಕೊಂಡು, ಕಣ್ಣು ಬಾತು, ಎಚ್ಚರ ತಪ್ಪಿ ಬಿದ್ದಿದ್ದಳು. ರಾತ್ರಿ ಗಂಡ ಬಂದಾಗ, ಏನೋ ತಿಂದದ್ದು ಆಗಿಬಂದಿಲ್ಲ ಎಂದು ಸೋನಾಬಾಯಿ ಹೇಳಿದಳು. ಸ್ನೇಹಲ ಆ ದಿನವೂ ಬಾಯಿ ಬಿಡಲಿಲ್ಲ, ಮುಂದೆಯೂ ಬಿಡಲಿಲ್ಲ.

ಧಾರಾವಾಹಿಯ ಮೂರನೆಯ ತಿಂಗಳಲ್ಲಿ ಒಂದು ಸೋಮವಾರ, ವಾರದ ಮುನ್ನೋಟದಲ್ಲಿ, ರಖಮಾಕಾಕು ಮಗುವನ್ನು ಕಣಜದ ಕೋಣೆಗೆ ತಳ್ಳಿ ಚಿಲಕ ಹಾಕುವುದನ್ನು ತೋರಿಸಿದರು. ಆ ದೃಶ್ಯ ಬರಲಿದ್ದ ಗುರುವಾರ ಸಂಜೆ ಸೋನಾಬಾಯಿ ತಲೆನೋವು ಎಂದು ಮಲಗಲು ನೋಡಿದಳು, ತಾಜಬಿ ಬಿಡಲಿಲ್ಲ, ಕೈ ಹಿಡಿದು ಎಬ್ಬಿಸಿ ಟಿವಿಯ ಮುಂದೆ ಕೂರಿಸಿದಳು.

ಚಿಲಕ ಹಾಕಿದ್ದಾಯಿತು. ಮಗು ಒಳಗೆ ಅತ್ತಿತು. ಓಣಿಯೆಲ್ಲ ರಖಮಾಳಿಗೆ ಹಿಡಿಶಾಪ ಹಾಕಿತು. ಆಗ ರಖಮಾಕಾಕು ಬಾಗಿಲಿಗೆ ಬೆನ್ನು ಹಚ್ಚಿ ಹಾಗೇ ಕುಸಿದು ಕೂತಳು. ಮಡಿಲಿನ ಗಂಟಿನಿಂದ ಒಂದು ಸಣ್ಣ ಕುಲಾವಿ ತೆಗೆದು ಮುಖಕ್ಕೆ ಒತ್ತಿಕೊಂಡಳು. ಕಥೆ ಹಿಂದಕ್ಕೆ ಹೋಯಿತು. ರಖಮಾಳಿಗೂ ಒಂದು ಹೆಣ್ಣು ಕೂಸು ಹುಟ್ಟಿತ್ತು, ಹನ್ನೊಂದು ದಿನ ಬದುಕಿ ಹೋಗಿತ್ತು. ಗಂಡನ ಮನೆಯವರು ಅತ್ತವಳ ಬಾಯಿ ಮುಚ್ಚಿಸಿ, ಆ ಕೂಸಿನ ಹೆಸರನ್ನೂ ಎತ್ತಗೊಡದೆ, ಸತ್ತ ಸವತಿಯ ಮಗಳನ್ನು ಅವಳ ಮಡಿಲಿಗೆ ಹಾಕಿದ್ದರು.

ತಾಜಬಿ ದುಪ್ಪಟ್ಟಾದಿಂದ ಕಣ್ಣೊರಸಿಕೊಂಡಳು. ಮರುದಿನದಿಂದ ಬೈಗುಳ ನಿಂತಿತು. ಬಸ್ಸಿನಲ್ಲಿ ಹೆಂಗಸರು, ಪಾಪ, ಅವಳ ಹೊಟ್ಟೆಯೊಳಗೆ ಎಂಥ ಬೆಂಕಿ ಇತ್ತು ನೋಡಿ ಎನ್ನತೊಡಗಿದರು. ಮಗುವನ್ನು ಹಿಂಸಿಸುವ ರಖಮಾಳಿಗಾಗಿಯೇ ಜನ ಈಗ ಟಿವಿ ಮುಂದೆ ಕೂರುತ್ತಿದ್ದರು. ಹುಡುಗಿಯ ಅಳು ಯಾರಿಗೂ ಬೇಡವಾಗಿತ್ತು.

ಬೆರಳಾಡಿಸುವುದನ್ನು ಗುರುತಿಸಿದ ತಾಜಬಿ ಇದನ್ನೂ ಕೂಡಿಸಿ ನೋಡಿದಳು. ಒಂದು ಮಧ್ಯಾಹ್ನ ಬಂದು, ಸೋನಾಬಾಯಿಯ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡು, ಲಖನನ ಮೊದಲು ಮೂರು ವರ್ಷ ನಿನಗೆ ಮಕ್ಕಳಿರಲಿಲ್ಲ, ಅಲ್ಲವೇ, ಹೋದ ಕೂಸಿನ ದುಃಖವನ್ನು ಇಷ್ಟು ದಿನ ಒಬ್ಬಳೇ ನುಂಗಿಕೊಂಡೆಯಲ್ಲ ಎಂದಳು. ಸೋನಾಬಾಯಿ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ನೀಲಮ ಕೂಡ ಮೆತ್ತಗಾದಳು. ಕೇಳದೆಯೇ ಚಹಾ ತಂದಿಡುತ್ತಿದ್ದಳು. ಬದುಕಿನಲ್ಲಿ ಮೊದಲ ಸಲ ಯಾರೋ ತನ್ನನ್ನು ಕನಿಕರದಿಂದ ನೋಡುತ್ತಿದ್ದಾರೆ ಎಂದು ಸೋನಾಬಾಯಿಗೆ ಅನ್ನಿಸಿತು. ಅದು ಹಿತವಾಗಿತ್ತು. ಹಿತವಾಗಿದೆ ಎಂಬುದೇ ಅವಳನ್ನು ಕೊರೆಯುತ್ತಿತ್ತು. ಅವಳಿಗೆ ಹುಟ್ಟಿ ಸತ್ತ ಕೂಸು ಯಾವುದೂ ಇರಲಿಲ್ಲ.

ಆ ತಿಂಗಳ ಕೊನೆಗೆ ನಿಪ್ಪಾಣಿಯ ಮಹಿಳಾ ಮಂಡಳವೊಂದು ಸ್ನೇಹಲಳಿಗೆ ಸತ್ಕಾರ ಇಟ್ಟುಕೊಂಡಿತು. ಅದನ್ನು ಮುಗಿಸಿ ಮಧ್ಯಾಹ್ನ ಮನೆಗೆ ಊಟಕ್ಕೆ ಬರುತ್ತೇನೆ ಎಂದು ಸ್ನೇಹಲ ತಾನಾಗಿ ಫೋನು ಮಾಡಿದಳು. ಹದಿನೈದು ವರ್ಷಗಳಲ್ಲಿ ತಾನಾಗಿ ಬರುತ್ತೇನೆ ಅಂದದ್ದು ಅದೇ ಮೊದಲು.

ಬಂದಳು. ಶಾಲು, ಹಾರ, ತೆಂಗಿನಕಾಯಿಗಳನ್ನು ಅಪ್ಪನ ಕೈಗೆ ಕೊಟ್ಟಳು. ಓಣಿಯ ಹೆಂಗಸರು ಫೋಟೋ ತೆಗೆಸಿಕೊಂಡು ಹೋದ ಮೇಲೆ ಸೀರೆಯ ಸೆರಗು ಸಿಕ್ಕಿಸಿಕೊಂಡು ನೇರ ಅಡುಗೆಮನೆಗೆ ಬಂದು, ಒಲೆಯ ಹತ್ತಿರ ನೆಲದ ಮೇಲೆ ಕೂತಳು. ಸೋನಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ನೀಲಮ ಅಂಗಡಿಗೆ ಹೋಗಿದ್ದಳು. ಭಾವುಸಾಹೇಬ ಹೊರಗೆ ಕಟ್ಟೆಯ ಮೇಲೆ ಕೂತಿದ್ದ.

ಸ್ನೇಹಲ ಕೆಲಸದ ಮಾತು ತೆಗೆದಳು. ಮೊದಲ ಎರಡು ತಿಂಗಳು ತಾನು ಬರೀ ಕೆಟ್ಟವಳಾಗಿ ಅಭಿನಯಿಸಿದೆ ಎಂದಳು. ಕಣ್ಣು ಕಿಸಿಯುವುದು, ಹಲ್ಲು ಕಡಿಯುವುದು. ಡೈರೆಕ್ಟರು ಒಂದು ದಿನ ಕೂರಿಸಿಕೊಂಡು, ಜನ ಬೈಯುತ್ತಾರೆ, ಆದರೆ ನಾಳೆಯ ಕಂತಿಗೆ ಕಾಯುವುದಿಲ್ಲ, ಬರೀ ಬೈಗುಳದ ಮೇಲೆ ಪಾತ್ರ ನಿಲ್ಲುವುದಿಲ್ಲ ಎಂದರಂತೆ.

"ಕೆಟ್ಟ ಕೆಲಸಾ ಮಾಡೂ ಮುಂದ ಅಕಿ ಕೈ ಒಂದ ಚೂರ ತಡದ್ರ ಸಾಕು ಚಿಗವ್ವಾ," ಎಂದಳು ಸ್ನೇಹಲ. "ಒಂದ ಚೂರ. ಜನಾ ಅಲ್ಲೇ ಅಕಿ ಕಡೀಗಿ ಆಗ್ತಾರ. ಆದ್ರ ಯಾಕ ತಡೀತು ಅನ್ನೂದು ನನಗರ ಗೊತ್ತಿರಬೇಕಲ್ಲ. ಕಾರಣ ಇಲ್ಲದ ಆ ಚಿಲಕಾ ಹಾಕಾಕ ನನ್ನ ಕೈ ಏಳಲಿಲ್ಲ. ಆ ಸತ್ತ ಕೂಸಿನ ಕತಿ ನಾನ ಕೇಳಿ ಬರಸ್ಕೊಂಡೆ."

ಸೋನಾಬಾಯಿ ಬಡಿದ ರೊಟ್ಟಿಯನ್ನು ಹೆಂಚಿನ ಮೇಲೆ ಹಾಕಿದಳು.

ಸ್ನೇಹಲ ದನಿ ತಗ್ಗಿಸಿ, ತಾನು ಲೆಕ್ಕ ಹಾಕಿ ನೋಡಿದ್ದಾಗಿ ಹೇಳಿದಳು. ಮದುವೆಯಾಗಿ ಮೂರು ವರ್ಷಕ್ಕೆ ಲಖನ. ಅದಕ್ಕೂ ಮೊದಲು ಒಮ್ಮೆ ನೀನು ಬೋರಗಾಂವಕ್ಕೆ ಹೋಗಿ ಎರಡು ತಿಂಗಳು ಇದ್ದೆ, ಬಂದಾಗ ಬಹಳ ಸೊರಗಿದ್ದೆ, ನನಗೆ ಸಣ್ಣಗೆ ನೆನಪಿದೆ ಎಂದಳು. ತಾನೂ ಈಗ ಮೂವತ್ತೊಂದರವಳು, ಆಗಿನ ಚಿಗವ್ವನಿಗಿಂತ ದೊಡ್ಡವಳು, ಸೆಟ್ಟಿನಲ್ಲಿ ಆ ಬಾಗಿಲಿಗೆ ಬೆನ್ನು ಹಚ್ಚಿ ಕೂತಾಗ ತನಗೆ ಆ ಕೂಸಿನ ಸಂಕಟ ನಿಜವಾಗಿಯೇ ಹತ್ತಿತು, ಅಂದು ಶಾಟ್ ಮುಗಿದ ಮೇಲೂ ಅಳು ನಿಲ್ಲಲಿಲ್ಲ ಎಂದಳು. ಹೇಳುತ್ತಿದ್ದಂತೆ ಅವಳ ಕಣ್ಣು ತುಂಬಿತು.

"ಹೌದಿಲ್ಲೋ, ಚಿಗವ್ವಾ?"

ತಲೆ ಆಡಿಸಿದ್ದರೆ ಮುಗಿದುಹೋಗುತ್ತಿತ್ತು. ಬಾಯಿ ಬಿಡುವುದೂ ಬೇಕಿರಲಿಲ್ಲ. ತಲೆ ಬಗ್ಗಿಸಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡಿದ್ದರೂ ಸಾಕಿತ್ತು. ಹುಡುಗಿ ಎದ್ದು ಬಂದು ತಬ್ಬಿಕೊಳ್ಳುತ್ತಿದ್ದಳು, ದೀಪಾವಳಿಗೆ ಬರುತ್ತಿದ್ದಳು, ಅವಳ ಮಕ್ಕಳು ಮುಂದೆ ಈ ಅಂಗಳದಲ್ಲಿ ಆಡುತ್ತಿದ್ದವು. ಸೋನಾಬಾಯಿಯ ತಲೆ ಆಡಿಯೂ ಬಿಡುತ್ತಿತ್ತು. ಆದರೆ ಇಲ್ಲದ ಕೂಸಿಗಾಗಿ ಈ ಹುಡುಗಿ ಅಳುತ್ತಿರುವುದನ್ನು ಕಣ್ಣಾರೆ ಕಂಡಾಗ, ಅವಳಿಂದ ಇನ್ನೂ ಒಂದು ಕಸಿದುಕೊಳ್ಳುತ್ತಿದ್ದೇನೆ ಅನ್ನಿಸಿತು. ಬೋರಗಾಂವದಲ್ಲಿ ಎರಡು ತಿಂಗಳು ಇದ್ದದ್ದು ಟೈಫಾಯಿಡ್ ಆಗಿ.

"ಯಾ ಕೂಸೂ ಇರಲಿಲ್ಲವಾ," ಎಂದಳು. "ಅವತ್ತ ನೀ ನಿಮ್ಮವ್ವನ ಸೀರಿ ಉಟ್ಟಿದ್ದಿ. ನಿಮ್ಮಪ್ಪ ಹೊಸ್ತಲದಾಗ ನಿಂತ ನಿನ್ನ ನೋಡಿದ್ರು. ನನ್ನ ಹಂಗ ಎಂದೂ ನೋಡಿದ್ದಿಲ್ಲ. ಹೊಟ್ಟಿ ಉರೀತು. ಚಿಲಕಾ ಹಾಕಿದೆ. ನನ್ನ ಕೈ ತಡೀಲಿಲ್ಲ."

ಹೆಂಚಿನ ಮೇಲಿದ್ದ ರೊಟ್ಟಿ ಸೀದು ವಾಸನೆ ಬಂತು. ಯಾರೂ ತೆಗೆಯಲಿಲ್ಲ.

"ಇಷ್ಟಕ್ಕ?" ಎಂದಳು ಸ್ನೇಹಲ.

ಸೋನಾಬಾಯಿ ಇಷ್ಟಕ್ಕೇ ಎಂದಳು.

ಸ್ನೇಹಲ ಮೊದಲು ನಕ್ಕಂತೆ ಮಾಡಿದಳು, ಆಮೇಲೆ ಅವಳ ಮುಖ ಬಿಳಿಚಿಕೊಂಡಿತು. ಸತ್ತ ಕೂಸಿನ ತಾಯಿಯನ್ನು ಕ್ಷಮಿಸಲು ಅವಳು ವಾರಗಟ್ಟಲೆ ತಯಾರಿ ಮಾಡಿಕೊಂಡು ಬಂದಿದ್ದಳು. ಒಂದು ನೋಟಕ್ಕಾಗಿ ಹನ್ನೆರಡು ವರ್ಷದ ಹುಡುಗಿಯನ್ನು ತಂಬಾಕಿನಲ್ಲಿ ಹೂಳಿದವಳ ಮುಂದೆ ಅವಳ ಕೈಯಲ್ಲಿ ಏನೂ ಇರಲಿಲ್ಲ. ಎದ್ದು ಹೊರಗೆ ಹೋದಳು. ಅಂಗಡಿಯಿಂದ ಬಂದ ನೀಲಮ ಊಟಕ್ಕೆ ಕರೆದರೂ ಹಸಿವಿಲ್ಲ ಎಂದಳು. ಅಪ್ಪನಿಗೆ ಕೈಮುಗಿದು ಕಾರು ಹತ್ತಿದಳು. ಒಳಗೆ ತಿರುಗಿ ನೋಡಲಿಲ್ಲ.

ಸಂಜೆಯವರೆಗೆ ಸೋನಾಬಾಯಿ ಅಡುಗೆಮನೆ ಬಿಟ್ಟು ಏಳಲಿಲ್ಲ. ಭಾವುಸಾಹೇಬ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಅವಳು ಅವನಿಗೂ ಎಲ್ಲ ಹೇಳಿದಳು. ಮಾಸ್ತರರಿಗೆ ಹೇಳಿದ ಸುಳ್ಳು, ಕೆಮ್ಮು, ಸೀರೆ, ಏನನ್ನೂ ಬಿಡಲಿಲ್ಲ. ಹೇಳಿ, ಇನ್ನು ನೀವು ಏನು ಮಾಡುತ್ತೀರೋ ಮಾಡಿ ಎಂದು ಕೂತಳು.

ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ಅವಳು ಕಾದಳು.

"ನನಗ ಗೊತ್ತಿತ್ತು," ಎಂದ ಅವನು. "ಅವತ್ತ ರಾತ್ರಿ ಬಂದ ಅಕಿ ತಲಿ ಮ್ಯಾಲ ಕೈ ಇಟ್ಟಾಗ ಕೂದಲಾಗ ತಂಬಾಕಿನ ಪುಡಿ ಇತ್ತು. ನಾನ ಝಾಡಿಸಿದೆ. ಕೇಳಿದ್ರ ಮನಿ ಒಡೀತೈತಿ ಅಂತ ಕೇಳಲಿಲ್ಲ. ಮುಂಜಾನೆದ್ದ ಡ್ಯೂಟಿಗಿ ಹೋದೆ."

ಸೋನಾಬಾಯಿ ಗಂಡನ ಮುಖವನ್ನೇ ನೋಡಿದಳು. ಮೂರು ತಿಂಗಳಿಂದ ಅವಳು ಟಿವಿಯಲ್ಲಿ ತನ್ನನ್ನೇ ಹುಡುಕುತ್ತಿದ್ದಳು. ಆ ಧಾರಾವಾಹಿಯ ಗಂಡನೋ ಬಲು ಸಜ್ಜನ, ಏನೂ ಅರಿಯದವನು. ಅವನು ಬಂದರೆ ಜನ ಪಾಪ ಎನ್ನುತ್ತಿದ್ದರು. ಇವನೂ ಊರಲ್ಲಿ ಸಜ್ಜನನೇ. ಅವಳಿಗೆ ಸಿಟ್ಟು ಬಂತು, ಆಮೇಲೆ ತನಗೆ ಸಿಟ್ಟಿಗೇಳುವ ಹಕ್ಕಿಲ್ಲ ಎಂಬುದು ನೆನಪಾಯಿತು.

ಮರುದಿನ ಬೆಳಿಗ್ಗೆ ಭಾವುಸಾಹೇಬ ಇಸ್ತ್ರಿ ಅಂಗಿ ಹಾಕಿಕೊಂಡು ಕೊಲ್ಲಾಪುರದ ಬಸ್ಸು ಹತ್ತಿದ. ಸಂಜೆ ತಿರುಗಿ ಬಂದು, ಮಗಳಿಗೆ ಹೇಳಿದೆ ಎಂದ. ತನಗೆ ಗೊತ್ತಿತ್ತೆಂದು, ಗೊತ್ತಿದ್ದೂ ಸುಮ್ಮನಿದ್ದೆನೆಂದು. ಅವಳು ಏನಂದಳು ಎಂದು ಸೋನಾಬಾಯಿ ಕೇಳಿದಳು. ಚಹಾ ಮಾಡಿಕೊಟ್ಟಳು, ಸ್ಟ್ಯಾಂಡಿನವರೆಗೆ ರಿಕ್ಷಾದಲ್ಲಿ ಬಂದಳು, ಬಸ್ಸು ಬಿಡುವ ಮೊದಲೇ ಹೋದಳು ಎಂದ. ಮೂವತ್ತು ವರ್ಷ ಬಸ್ಸು ನಡೆಸಿದವನಿಗೆ ಆ ಒಂದು ತಾಸಿನ ಹಾದಿ ಇಷ್ಟು ಉದ್ದವೆಂದು ಗೊತ್ತಿರಲಿಲ್ಲವಂತೆ.

ಆ ವಾರ ತಾಜಬಿ ಬಂದು ಮತ್ತೆ ಕೈ ಹಿಡಿದುಕೊಂಡಾಗ ಸೋನಾಬಾಯಿ ಕೈ ಬಿಡಿಸಿಕೊಂಡು ಅವಳಿಗೂ ನಿಜ ಹೇಳಿದಳು. ತಾಜಬಿ ಕೇಳಿಸಿಕೊಂಡು, ಹಂಗಾದ್ರ ನಾ ಅತ್ತದ್ದು ಯಾರ ಸಲುವಾಗಿ ಎಂದು ಮೆಲ್ಲಗೆ ಕೇಳಿದಳು. ತಾಜಬಿ ಎಂಟು ದಿನ ಬರಲಿಲ್ಲ. ಆಮೇಲೆ ಬಂದಳು, ಆದರೆ ಮೊದಲಿನಂತೆ ಮಗ್ಗುಲಲ್ಲಿ ಕೂರಲಿಲ್ಲ, ಬಾಗಿಲ ಹತ್ತಿರ ಕೂತು ಧಾರಾವಾಹಿ ಮುಗಿದದ್ದೇ ಎದ್ದು ಹೋದಳು. ನೀಲಮಳಿಗೂ ಸೋನಾಬಾಯಿಯೇ ಹೇಳಿದ್ದಳು. ನೀಲಮ ಈಗ ಆರು ತಿಂಗಳ ಬಸುರಿ. ಹೆರಿಗೆಗೆ ತವರಿಗೆ, ರಾಯಬಾಗಕ್ಕೆ ಹೋಗುತ್ತೇನೆ, ಐದು ತಿಂಗಳು ಅಲ್ಲೇ ಇರುತ್ತೇನೆ ಎಂದಳು. ಸೋನಾಬಾಯಿ ಹ್ಞೂಂ ಎಂದಳು.

ಇಪ್ಪತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಸೋನಾಬಾಯಿಯ ಫೋನು ರಿಂಗಾಯಿತು. ಸ್ನೇಹಲ. ಹಿಂದೆ ಶೂಟಿಂಗಿನ ಗದ್ದಲ ಕೇಳುತ್ತಿತ್ತು. ರಖಮಾ ಮಗಳ ಕಾಲು ಹಿಡಿದು ಕ್ಷಮೆ ಕೇಳುವ ದೃಶ್ಯ ಬರೆದಿದ್ದಾರೆ, ಮೂರು ದಿನದಿಂದ ತನಗೆ ಅದು ಬರುತ್ತಿಲ್ಲ, ಬಾಯಿಯಲ್ಲಿ ಮಾತು ಸುಳ್ಳಾಗುತ್ತಿದೆ ಎಂದಳು.

"ಹತ್ತೊಂಬತ್ತ ವರ್ಷ ನಾ ಏನ ತಿಳ್ಕೊಂಡಿದ್ದೆ ಗೊತ್ತೈತೇನ?" ಎಂದಳು ಸ್ನೇಹಲ. "ಅವತ್ತ ಮುಂಜಾನಿ ಲಖ್ಯಾ ಎತ್ಕೋ ಅಂತ ಅಳಾಕತ್ತಿದ್ದ. ಸೀರಿ ಹೊಲಸಾಗ್ತೈತಿ ಅಂತ ನಾ ಎತ್ಕೊಳ್ಳಲಿಲ್ಲ. ಅದಕ್ಕ ನೀ ಹಂಗ ಮಾಡಿದಿ ಅಂತ ತಿಳ್ಕೊಂಡಿದ್ದೆ. ತಪ್ಪ ನಂದ ಅಂತ."

ಲಖನ ಅಂದು ಅತ್ತದ್ದು ಸೋನಾಬಾಯಿಗೆ ನೆನಪೇ ಇರಲಿಲ್ಲ. ಅವಳು ನೆಲದ ಮೇಲೆ ಕೂತು ಫೋನನ್ನು ಕಿವಿಗೆ ಒತ್ತಿಕೊಂಡಳು.

"ಇಲ್ಲವಾ," ಎಂದಳು. "ನಿಂದೇನೂ ತಪ್ಪಿರಲಿಲ್ಲ."

ಇನ್ನೊಮ್ಮೆ ಹೇಳು ಎಂದಳು ಸ್ನೇಹಲ. ಸೋನಾಬಾಯಿ ಇನ್ನೊಮ್ಮೆ ಹೇಳಿದಳು. ಕ್ಷಮಿಸು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ಅದನ್ನು ಅಲ್ಲೇ ತಡೆದಳು. ಅದನ್ನು ಕೇಳಿದರೆ ಹುಡುಗಿ ಏನಾದರೊಂದು ಕೊಡಬೇಕಾಗುತ್ತದೆ ಎಂದು ಅವಳಿಗೆ ತೋರಿತು. ಯಾರೋ ಸ್ನೇಹಲಳನ್ನು ಶಾಟಿಗೆ ಕರೆದರು. ಅವಳು ಇಡುತ್ತೇನೆ ಎಂದು ಹೇಳಿ ಫೋನು ಇಟ್ಟಳು. ಊರಿಗೆ ಯಾವಾಗ ಬರುತ್ತಾಳೆಂದು ಅವಳು ಹೇಳಲಿಲ್ಲ, ಇವಳು ಕೇಳಲೂ ಇಲ್ಲ.

ಭಾವುಸಾಹೇಬ ಹೊರಗಿನಿಂದ ಬಂದು ಯಾರದು ಎಂದ. ಸ್ನೇಹಲಳದು, ಏನೋ ಕೇಳಬೇಕಿತ್ತು, ಕೇಳಿದಳು ಎಂದಳು ಸೋನಾಬಾಯಿ. ಅವನು ಮುಂದೆ ಕೇಳಲು ಬಾಯಿ ತೆರೆದ, ಒಂದು ಗಳಿಗೆ ತಡೆದ, ಆಮೇಲೆ ಅವಳ ಎದುರಿಗೆ ನೆಲದ ಮೇಲೆ ಕೂತು, "ಏನ ಕೇಳಿದ್ಲು, ಹೇಳ," ಎಂದ.